ಸೆರಗಿನ ದೀಪಕ್ಕೊಂದು ಬಲ್ಬು

ನಮ್ಮ ಮನೆಯಲ್ಲಿ ಬಲ್ಬಿನ ಮಾತೆತ್ತಿದರೆ ಒಂದಲ್ಲ ಒಂದು ಎಡವಟ್ಟು ಆಗಿಯೇ ತೀರುತ್ತದೆ. ನಾನು ಚಿತ್ರದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು. ಅದರಿಂದ ಎಡವಟ್ಟು ಕಡಿಮೆಯಾದದ್ದನ್ನು ಕಂಡಿಲ್ಲ.

ದೀಪ ಒಂದೇ. ಮೇಜಿನ ಮೇಲಿಡುವ ಹಿತ್ತಾಳೆಯದು, ತಂದೆಯ ಕಾಲದ್ದು. ಅದರ ಬಟ್ಟೆಯ ಶೇಡು ಹೊಲಿದವಳು ನನ್ನ ಹೆಂಡತಿ. ಹೊಳಲ್ಕೆರೆಯಿಂದ ಮದುವೆಯಾಗಿ ಬಂದ ದಿನ ಉಟ್ಟಿದ್ದ ಕೆಂಪು ಸೀರೆ ಹರಿದ ಮೇಲೆ, ಅದರ ಸೆರಗಿನಿಂದ.

೧. ಹಪ್ಪಳ

ನಲವತ್ತು ವ್ಯಾಟ್ ಮೀರಬಾರದೆಂದು ಹೋಲ್ಡರಿನ ಹತ್ತಿರ ಚೀಟಿ ಅಂಟಿಸಿತ್ತು. ನಾನು ಓದಿರಲಿಲ್ಲ. ಉತ್ತರಪತ್ರಿಕೆ ತಿದ್ದಲು ಬೆಳಕು ಸಾಲದೆಂದು ನೂರರ ಬಲ್ಬು ಹಾಕಿದೆ. ಅರ್ಧ ಗಂಟೆಯಲ್ಲಿ ಅಡುಗೆಮನೆಯಿಂದ ಅವಳ ದನಿ ಬಂತು.

“ಏನ್ರೀ, ಅಲ್ಲಿ ಹಪ್ಪಳ ಸುಡ್ತಿದೀರಾ?”

ಸುಡುತ್ತಿದ್ದದ್ದು ಸೆರಗು. ಗಾಬರಿಯಲ್ಲಿ ಬಲ್ಬನ್ನೇ ಹಿಡಿದೆ. ಬೆರಳೂ ಸುಟ್ಟಿತು. ಅವಳು ಬಂದು ಮೊದಲು ಸ್ವಿಚ್ಚು ಆರಿಸಿದಳು. ಆಮೇಲೆ ಕೇಳಿದಳು:

“ನಾಳೆ ಯಾವ ಪಾಠ ಐತ್ರಿ?”

“ಶಾಖ.”

“ಓದ್ಕಂಡ್ ಹೋಗ್ರಿ.”

ಮರುದಿನ ಶೇಡನ್ನು ತೊಡೆಯ ಮೇಲಿಟ್ಟುಕೊಂಡು ಒಳಗಡೆ ಏನೋ ಹೊಲಿಯುತ್ತಿದ್ದಳು. ತೇಪೆ ಇರಬೇಕು ಅಂದುಕೊಂಡೆ. ಕೇಳುವ ಧೈರ್ಯ ಇರಲಿಲ್ಲ.

೨. ನಾದಿನಿ

ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತು. ಹೆರಿಗೆಗೆಂದು ತವರಿನಲ್ಲಿದ್ದಾಗ ಬರೆದ ಕಾಗದಗಳಿವೆ, ಪೆನ್ಸಿಲಿನವು. ಅರ್ಧಕ್ಕರ್ಧ ಬೈಗುಳ. ಸಂಜೆ ಹೊತ್ತು ಅವನ್ನು ಆ ದೀಪದ ಕೆಳಗೇ ಓದುವುದು ನನ್ನ ರೂಢಿ. ಕಣ್ಣು ಮಂಜಾಗಿ, ನಲವತ್ತರ ಬೆಳಕಿನಲ್ಲಿ ಈಗ ಬೈಗುಳವೂ ಕಾಣದಾಯಿತು.

ಹೊಸದುರ್ಗದಿಂದ ಬಂದ ನಾದಿನಿ ಪರಿಹಾರ ಹೇಳಿದಳು.

“ಭಾವ, ಆ ಬಟ್ಟೆ ಕಿತ್ತು ಬಿಸಾಕ್ರಿ. ಬೆಳಕು ತಾನೇ ಬರ್ತೈತೆ.”

“ಅದು ನಿಮ್ಮಕ್ಕನ ಮದುವೆ ಸೀರೆ.”

ಅವಳು ಎದ್ದು ಬಂದು ಬಟ್ಟೆ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು ಬಂತು.

“ಈ ಸೀರೆನಾ ಎಷ್ಟ್ ಸಲ ಕೇಳಿದ್ದೆ ಭಾವ. ನಂಗ್ ಕೊಡ್ದೆ ದೀಪಕ್ಕೆ ಉಡ್ಸಿದ್ಲಾ?”

೩. ಮೇವು

ಹಿರಿಯೂರಿನಲ್ಲಿ ಬಸ್ಸು ಕೆಟ್ಟು ನಿಂತಿತು. ಎದುರಿಗೆ ಎಲೆಕ್ಟ್ರಿಕ್ ಅಂಗಡಿ. ಮಾಲೀಕ ನನ್ನ ಹಳೆಯ ವಿದ್ಯಾರ್ಥಿ. ಸೆರಗು ಸುಡದಂಥ ಅರವತ್ತರ ಬಲ್ಬು ಕೊಡು ಎಂದೆ. ಅವನು ಒಂಬತ್ತು ವ್ಯಾಟಿನ ಎಲ್‌ಇಡಿ ಇಟ್ಟ.

“ನಲವತ್ತರಲ್ಲೇ ಕಾಣ್ತಿಲ್ಲ. ಒಂಬತ್ತರಲ್ಲಿ ಏನಯ್ಯ ಕಾಣೋದು?”

“ಸಾರ್, ವ್ಯಾಟು ಅಂದ್ರೆ ಬಲ್ಬು ತಿನ್ನೋ ಮೇವು. ಹಾಲು ಎಷ್ಟು ಕೊಡ್ತೈತೆ ಅಂತ ನೋಡ್ಬೇಕಂದ್ರೆ ಡಬ್ಬಿ ಮೇಲೆ ಲುಮೆನ್ ಓದ್ರಿ. ಇದು ಹಳೇ ಅರವತ್ತರಷ್ಟು ಬೆಳಕು ಕೊಡ್ತೈತೆ, ಅಷ್ಟು ಬಿಸಿ ಆಗಲ್ಲ. ದೀಪದ ವೈರು ಬಿರುಕು ಬಿಟ್ಟಿದ್ರೆ ಮೊದ್ಲು ಅದನ್ನ ಬದಲಾಯಿಸ್ರಿ.”

ಅವನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಮೇಷ್ಟ್ರ ಹೆಮ್ಮೆಯಿಂದ ಕೇಳಿದೆ:

“ಇದನ್ನೆಲ್ಲ ಯಾರಯ್ಯ ಹೇಳಿಕೊಟ್ಟೋರು?”

“ನೀವಲ್ಲ ಸಾರ್. ನೀವು ಫೇಲ್ ಮಾಡಿದ್ರಿ.”

೪. ಜ್ವರ

ವೈರು ಬದಲಾಯಿಸಿದ್ದಾಯಿತು, ಬಲ್ಬೂ ಹಾಕಿದ್ದಾಯಿತು. ನಂಬಿಕೆ ಮಾತ್ರ ಬರಲಿಲ್ಲ. ಇನ್ನೊಂದು ಸೆರಗು ನನ್ನ ಹತ್ತಿರ ಇಲ್ಲವಲ್ಲ. ಬಕೆಟ್ಟಿನಲ್ಲಿ ಮರಳು ತುಂಬಿಕೊಂಡು ದೀಪದ ಎದುರು ಕಾವಲು ಕೂತೆ. ರಾಮಗಿರಿ ಕಡೆಯ ಕುರಿಗಾಹಿಯೊಬ್ಬ ವರ್ಷಕ್ಕೊಮ್ಮೆ ಕಂಬಳಿ ತರುತ್ತಾನೆ. ಅವತ್ತೇ ಬಂದ. ನಾನೂ ಬಕೆಟ್ಟೂ ಕೂತಿದ್ದ ಚೆಂದ ನೋಡಿ ವಿಷಯ ಕೇಳಿದ. ಹೇಳಿದೆ. ಒಂದು ಗಂಟೆ ಅವನೂ ಕೂತ. ಆಮೇಲೆ ಕಾಯಿಲೆ ಮರಿಯ ಕಿವಿ ಮುಟ್ಟುವ ಹಾಗೆ ಮುಂಗೈಯನ್ನು ಮೆಲ್ಲಗೆ ಶೇಡಿಗೆ ತಾಗಿಸಿದ.

“ಜ್ವರ ಇಲ್ಲ ಮೇಷ್ಟ್ರೆ. ನೀವು ಹೋಗಿ ಉಣ್ರಿ.”

೫. ಅಪ್ಪಣೆ

ಅವನು ಹೋದ ಮೇಲೆ ಕಾಗದ ಬಿಚ್ಚಿದೆ. ಎಲ್ಲ ಕಂಡಿತು. “ಒಲೆ ತಂಟೆಗೆ ಹೋಗ್ಬ್ಯಾಡ್ರಿ, ಮನೆ ಉಳೀಲಿ” ಎಂಬ ಸಾಲೂ ಕಂಡಿತು. ಬಹಳ ದಿನದ ಮೇಲೆ ಬೈಸಿಕೊಂಡ ಸುಖ.

ಕಾಗದ ಮಡಿಸುವಾಗ ಬಗ್ಗಿದೆ. ಶೇಡಿನ ಒಳಗೆ ಏನೋ ಕಂಡಿತು. ಅವಳು ಅಂದು ಹೊಲಿದದ್ದು ಬರೀ ತೇಪೆಯಲ್ಲ. ತೇಪೆಯ ಮೇಲೆ ಅಕ್ಷರಗಳಿದ್ದವು, ಕೆಂಪು ಬಟ್ಟೆಯ ಮೇಲೆ ಕೆಂಪು ದಾರದಲ್ಲಿ. ಬಂದವರಿಗೆ ಗಂಡನ ಬುದ್ಧಿವಂತಿಕೆ ತಿಳಿಯದಿರಲಿ ಎಂದಿರಬೇಕು.

“ನಲವತ್ತರ ಮ್ಯಾಲೆ ಬ್ಯಾಡ್ರಿ.”

ನಲವತ್ತರ ಬೆಳಕಿನಲ್ಲಿ ಅದು ಇಷ್ಟು ವರ್ಷ ಕಂಡೇ ಇರಲಿಲ್ಲ. ಬೆಳಕು ಹೆಚ್ಚಿಸಿದ ಮೇಲಷ್ಟೇ ಓದಲು ಬರುವ ಅಪ್ಪಣೆ ಅದು.

ಸತ್ತವರಿಗೆ ನಮ್ಮ ಮಾತು ಕೇಳಿಸುತ್ತದೆ ಎಂದು ನಂಬುವವನಲ್ಲ ನಾನು. ಆದರೂ ಅಡುಗೆಮನೆ ಕಡೆ ತಿರುಗಿ, ಅಲ್ಲಿಗೆ ಮುಟ್ಟುವಷ್ಟು ಜೋರಾಗಿಯೇ ಹೇಳಿದೆ:

“ಒಂಬತ್ತೇ ಕಣೇ!”