ಪಿಕ್‌ನಿಕ್ಕಿಗೊಂದು ಸಂವಿಧಾನ

ಸಿಟಿಜನ್‌ಶಿಪ್ ಸಂದರ್ಶನಕ್ಕೆಂದು ಅಮೆರಿಕದ ಆರಂಭದ ಇತಿಹಾಸ ಓದಲು ಕೂತಾಗಿನಿಂದ ನನಗೊಂದು ಕಾಟ ಶುರುವಾಯಿತು. ವಾರವೆಲ್ಲ ಪುಸ್ತಕದಲ್ಲಿ ಓದಿದ್ದು ಶನಿವಾರ ನಮ್ಮ ಕನ್ನಡಿಗರ ನಡುವೆಯೇ ನಡೆದುಬಿಡುತ್ತಿತ್ತು.

ಅದು 2006. ಲಾಸ್ ಏಂಜಲೀಸ್ ಮತ್ತು ನಮ್ಮ ಸ್ಯಾನ್ ಡಿಯಾಗೊ ಕನ್ನಡಿಗರು ಮೊದಲ ಸಲ ಜಂಟಿ ಪಿಕ್‌ನಿಕ್ ಮಾಡುವುದೆಂದಾಗಿತ್ತು. "ಹೇಗೂ ಸಂವಿಧಾನ ಓದ್ತಿದ್ದೀರಲ್ಲ" ಎಂದು ನನ್ನನ್ನೂ ಸಮಿತಿಗೆ ಎಳೆದರು. ನನಗೂ ಆಸೆಯಿತ್ತು. ಇಂಗ್ಲಿಷಿನಲ್ಲೇ ಉತ್ತರ ಕೊಡುವ ನನ್ನ ಮಗಳಿಗೆ ಕನ್ನಡದ ನಾಲ್ಕು ಗೆಳತಿಯರು ಸಿಗಲಿ ಅಂತ.

1. ಗುಟ್ಟು

ಸಂವಿಧಾನ ಬರೆದ ಹಿರಿಯರು ಸುಡುಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಕೂತಿದ್ದರಂತೆ, ಮಾತು ಹೊರಗೆ ಹೋಗದಿರಲೆಂದು. ನಾವೂ ನಮ್ಮ ಕಡೆಯ ಕಾರ್ಲ್ಸ್‌ಬಾಡ್‌ನ ಒಬ್ಬರ ಮನೆಯಲ್ಲಿ ಸೇರಿ, ಎಲ್ಲ ತೀರ್ಮಾನವಾಗುವವರೆಗೆ ಯಾರೂ ಬಾಯಿ ಬಿಡಬಾರದೆಂದು ಒಪ್ಪಿಕೊಂಡೆವು. ಇಪ್ಪತ್ತು ನಿಮಿಷ ಡ್ರೈವ್ ಮಾಡಿ ಮನೆ ತಲುಪಿದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನ್ರೀ, ಹೋಳಿಗೆ ಎಲ್.ಎ.ಯವರಿಗೆ, ಬರೀ ಮೊಸರನ್ನ ನಮಗಂತೆ?"

"ನಿನಗ್ಯಾರು ಹೇಳಿದ್ದು?"

"ಎಲ್.ಎ.ಯಿಂದಲೇ ಮೂರು ಫೋನ್ ಬಂತು."

ಪಾಪ, ನಾವು ಕಿಟಕಿಯನ್ನಂತೂ ಮುಚ್ಚಿದ್ದೆವು.

2. ದೊಡ್ಡೂರು, ಚಿಕ್ಕೂರು

ಮುಂದಿನ ಶನಿವಾರದ ಸಭೆ. ಎಲ್ ಸೆಗುಂಡೋದಲ್ಲಿ ವಿಮಾನದ ಬಿಡಿಭಾಗ ಡಿಸೈನ್ ಮಾಡುವ ಲಾಸ್ ಏಂಜಲೀಸ್ ಅಧ್ಯಕ್ಷರು, "ನಮ್ಮಲ್ಲಿ ಜನ ಜಾಸ್ತಿ. ತಲೆಗೊಂದು ವೋಟು" ಎಂದರು.

ನಮ್ಮ ಕಡೆಯ ಹುಬ್ಬಳ್ಳಿ ಡಾಕ್ಟರಮ್ಮ ಬಿಡುತ್ತಾರೆಯೆ? "ಊರಿಗೊಂದು ವೋಟು. ಇಲ್ಲಾಂದ್ರ ನಾವು ಬ್ಯಾರೇನ ಪಿಕ್‌ನಿಕ್ ಮಾಡ್ಕೋತೀವಿ."

ಪುಸ್ತಕದಲ್ಲೂ ದೊಡ್ಡ ರಾಜ್ಯ, ಚಿಕ್ಕ ರಾಜ್ಯಗಳ ಜಗಳ ಇದೇ. ಒಂದರಲ್ಲಿ ಜನಸಂಖ್ಯೆಯಂತೆ, ಇನ್ನೊಂದರಲ್ಲಿ ಎಲ್ಲ ರಾಜ್ಯಕ್ಕೂ ಸಮಪಾಲು ಎಂದು ಎರಡು ಶಾಸನಸಭೆ ಮಾಡಿ ಬಗೆಹರಿಸಿದ್ದರು. ನಾನೂ ಊಟದ ವಿಷಯ ತಲೆ ಎಣಿಸಿ, ಆಟದ ವಿಷಯ ಊರಿಗೊಂದು ವೋಟಿನಿಂದ ಎಂದೆ. "ಎಂಥಾ ಐಡಿಯಾ ರೀ!" ಎಂದು ಅಧ್ಯಕ್ಷರು ಬೆನ್ನು ತಟ್ಟಿದರು. ಎಲ್ಲಿಂದ ಕದ್ದದ್ದೆಂದು ನಾನು ಹೇಳಲಿಲ್ಲ.

ಡಾಕ್ಟರಮ್ಮ ಮಾತ್ರ ಒಂದು ತಿದ್ದುಪಡಿ ಸೇರಿಸಿದರು: "ಖಾರ ಎಷ್ಟು ಅನ್ನೂದಕ್ಕ ವೋಟಿಲ್ಲ. ಅದು ನಂದು."

3. ಜಾಗ

ಉಳಿದದ್ದು ಜಾಗ. ಆ ಕಾಲದಲ್ಲಿ ದೇಶದ ರಾಜಧಾನಿ ನಮ್ಮಲ್ಲಿರಲಿ ಎಂದು ಉತ್ತರದವರೂ ದಕ್ಷಿಣದವರೂ ಕಿತ್ತಾಡಿ, ಕೊನೆಗೆ ನಡುವೆ ನದಿದಂಡೆಯಲ್ಲಿ ಹೊಸ ಊರನ್ನೇ ಕಟ್ಟಿದರಂತೆ. ನಾನೂ ಮ್ಯಾಪಿನ ಮೇಲೆ ಸ್ಕೇಲಿಟ್ಟು, ಎರಡೂ ಊರಿಗೆ ಸರಿಸಮ ದೂರದ ಒಂದು ಪಾರ್ಕ್ ಗೊತ್ತುಮಾಡಿದೆ. ಹೋಗಿ ನೋಡಿರಲಿಲ್ಲ.

ಪಿಕ್‌ನಿಕ್ ದಿನ ಹೋದರೆ ಅಲ್ಲಿ ಒಂದು ಮರವೂ ಇರಲಿಲ್ಲ. ಟಾಯ್ಲೆಟ್ಟಿಗೆ ಬೀಗ. ಗಾಳಿಗೆ ತಟ್ಟೆಗಳು ಫ್ರೀವೇ ಕಡೆ ಹಾರಿದವು, ಕೋಸಂಬರಿಯಲ್ಲಿ ಮರಳು. ಎರಡೂರಿನ ಸ್ನೇಹ ಇವತ್ತಿಗೆ ಮುಗಿಯಿತೆಂದುಕೊಂಡೆ.

ತಿರುಗಿ ನೋಡಿದರೆ ಮಗಳು ಎಲ್.ಎ. ಹುಡುಗಿಯರ ಜೊತೆ ತಟ್ಟೆ ಹಿಡಿಯಲು ಓಡುತ್ತಿದ್ದಾಳೆ. ಅಧ್ಯಕ್ಷರೂ ಡಾಕ್ಟರಮ್ಮನೂ ಒಂದೇ ಕೊಡೆಯಡಿ ನಗುತ್ತಾ ಬಿಸಿಬೇಳೆ ಬಾತ್ ತಿನ್ನುತ್ತಿದ್ದಾರೆ! ಕಣ್ಣು ತುಂಬಿ ಹತ್ತಿರ ಹೋದೆ.

"ಈ ಜಾಗ ಹುಡುಕಿದಾಂವಗ ಬುದ್ಧಿ ಐತೇನ್ರಿ?"

"ಮೇಡಂ, ನೂರಕ್ಕೆ ನೂರು ಸತ್ಯ."

ಯಾವುದಕ್ಕೂ ಒಪ್ಪದ ಹದಿಮೂರು ವಸಾಹತುಗಳು ಬೈಯಲು ಇಂಗ್ಲೆಂಡಿನ ರಾಜನೊಬ್ಬ ಸಿಕ್ಕಾಗ ಒಂದಾದವೆಂದು ಓದಿದ್ದೆ. ಆ ರಾಜನ ಕಷ್ಟ ಅವತ್ತು ಅರ್ಥವಾಯಿತು. ಸಂಜೆಯೊಳಗೆ ಎರಡೂ ಊರಿನವರು ಪ್ರತಿ ವರ್ಷ ಸೇರುವುದೆಂದು ನಿರ್ಧರಿಸಿ, ಒಂದೂ ವಿರೋಧವಿಲ್ಲದೆ ಮೊದಲ ಕಾನೂನು ಪಾಸು ಮಾಡಿದರು: ಜಾಗ ಹುಡುಕುವ ಕೆಲಸ ನನಗೆ ಕೊಡಕೂಡದು.