ನನ್ನ ತಲೆಗೆ ಬಳಿದ ಮಹಾಕಪ್ಪು

ಮದುವೆಯಾಗಿ ಹದಿನೆಂಟು ವರ್ಷವಾದರೂ ಹೆಂಡತಿಯ ತವರಿನ ಒಂದು ಗ್ರೂಪ್ ಫೋಟೋದಲ್ಲೂ ನಾನು ಮುಂದಿನ ಸಾಲು ಕಂಡವನಲ್ಲ. ಕಾರಣ ನನ್ನ ತಲೆ. ಅದರಲ್ಲಿ ಕೂದಲಿಲ್ಲ, ಹೊಳಪಿದೆ.

"ನಿಮ್ಮ ಬೋಳು ತಲೆ ಮಿಂಚಿ ಪಕ್ಕದಲ್ಲಿರೋ ನನ್ನ ಮುಖಾನೇ ಕಾಣ್ಸಲ್ಲ. ನಾಳೆ ಅಪ್ಪನ ಎಪ್ಪತ್ತೈದನೇ ಹುಟ್ಟುಹಬ್ಬದ ಫೋಟೋ, ಹಿಂದೆ ನಿಂತ್ಕೊಳ್ಳಿ," ಎಂದಳು ಹೆಂಡತಿ. (ಹಿಂದೆ ಎಂದರೆ ಪರದೆಯ ಹಿಂದೆ.)

ನನಗೆ ರೇಗಿಹೋಯಿತು. ನಾನು ದೂರದರ್ಶಕ ತಯಾರಿಸುವ ಕಾರ್ಖಾನೆಯಲ್ಲಿ ಬಣ್ಣ ಬಳಿಯುವವನು. ಕೊಳವೆಯ ಒಳಮೈಗೆ ನಾವು ಬಳಿಯುವುದು ಅಂತಿಂಥ ಕಪ್ಪಲ್ಲ. ಬಿದ್ದ ಬೆಳಕನ್ನೆಲ್ಲ ನುಂಗಿ ನೀರು ಕುಡಿಯುವ ಮಹಾಕಪ್ಪು. ಅದಕ್ಕೆ ನನ್ನ ತಲೆ ಯಾವ ಲೆಕ್ಕ?

ಮರುದಿನ ಕಾರ್ಖಾನೆಗೆ ಹೋಗಿ ಅಲ್ಲಿನ ನಿಯಮದಂತೆಯೇ ಮಾಡಿದೆ. ಜಿಡ್ಡು ತೆಗೆದೆ, ಎರಡು ಸಲ ಬಳಿದೆ, ಒಣಗುವವರೆಗೂ ಮುಟ್ಟಲಿಲ್ಲ. ಕೊನೆಗೆ ಕನ್ನಡಿಯ ಮುಂದೆ ಟಾರ್ಚ್ ಬಿಟ್ಟು ಪರೀಕ್ಷಿಸಿದೆ. ಒಂದು ಚುಕ್ಕೆ ಹೊಳಪಿಲ್ಲ, ಪಾಸ್! ಹೊಳಪಿನ ಹೊರತು ಬೇರೇನನ್ನೂ ನೋಡುವ ಅಭ್ಯಾಸ ನಮಗಿಲ್ಲ.

ಅಲ್ಲಿಂದ ನೇರವಾಗಿ ಮಾವನ ಮನೆಗೆ ಹೋಗಿ, ಅವರ ಪಕ್ಕದ ಕುರ್ಚಿಯಲ್ಲೇ ಗತ್ತಿನಿಂದ ಕೂತು ಟೊಪ್ಪಿ ತೆಗೆದೆ.

ಅತ್ತೆ ಚೀರಿದರು. "ಅಯ್ಯೋ, ಅಳಿಯಂದಿರಿಗೆ ಹುಬ್ಬಿನ ಮೇಲೆ ಏನೂ ಇಲ್ವಲ್ಲೇ!"

"ಅಮ್ಮಾ, ಅದು ಮೊದಲಿಂದಲೂ ಹಾಗೇ," ಎಂದಳು ಇವಳು, ತಿರುಗಿ ನೋಡದೆ. ಆಮೇಲೆ ನೋಡಿದಳು. "ರೀ! ಏನ್ರೀ ಈ ಅವತಾರ? ತಲೆ ಎಲ್ಲಿಟ್ಟು ಬಂದ್ರಿ?"

"ಹೊಳೀತಿದೆಯಾ? ಅಷ್ಟು ಹೇಳು!"

ಮಾವನವರು ಕನ್ನಡಕ ಸರಿಮಾಡಿಕೊಂಡು, "ಎಷ್ಟು ಆಳ ಇದೆ?" ಎಂದು ಕೇಳಿದರು.

ಫೋಟೋಗ್ರಾಫರ್ ಹೇಗೋ ಒಂದು ಫೋಟೋ ತೆಗೆದ. ಕ್ಯಾಮೆರಾ ನನ್ನ ತಲೆಯನ್ನೇ ನೋಡಿ ಕೋಣೆಯೆಲ್ಲ ಕತ್ತಲೆಂದು ತಿಳಿದು, ಉಳಿದ ಹನ್ನೊಂದು ಮುಖಗಳನ್ನೂ ಹಿಟ್ಟು ಮೆತ್ತಿದಂತೆ ಬೆಳ್ಳಗೆ ಮಾಡಿಟ್ಟಿತ್ತು.

"ಮೊದಲು ನನ್ನೊಬ್ಬಳ ಮುಖ ಹೋಗ್ತಿತ್ತು, ಈಗ ಮನೆಯವರದ್ದೆಲ್ಲ ಹೋಯ್ತು. ಏಳ್ರೀ ಮೇಲೆ!"

ಎದ್ದೆ.

"ಸಾರ್, ಒಂದ್ನಿಮಿಷ," ಎಂದ ಫೋಟೋಗ್ರಾಫರ್. "ಈ ನೆಲದ ಹೊಳಪು ಲೆನ್ಸಿಗೆ ಹೊಡೀತಿದೆ. ಇಲ್ಲಿ ಕೂತು ತಲೆ ಬಗ್ಗಿಸ್ತೀರಾ?"

ಕ್ಯಾಮೆರಾದ ಕೆಳಗೆ ಮಂಡಿಯೂರಿ ತಲೆ ತಗ್ಗಿಸಿದೆ. ಫೋಟೋ ಬಹಳ ಸೊಗಸಾಗಿ ಬಂತು. ಇವಳ ಮುಖ ಅಷ್ಟು ಚೆನ್ನಾಗಿ ಬಂದದ್ದೇ ಇಲ್ಲ ಎಂದು ಎಲ್ಲರೂ ಹೇಳಿದರು. ಅದರಲ್ಲಿ ನಾನಿಲ್ಲ.

"ಭಾನುವಾರ ಒಂದು ಮದುವೆ ಇದೆ, ಸಾರ್ ಬಿಡುವಾಗಿರ್ತಾರಾ?" ಎಂದು ಅವನು ಕೇಳಿದ್ದು ನನ್ನನ್ನಲ್ಲ, ಇವಳನ್ನು.

"ಆ ಬಣ್ಣ ಎರಡು ತಿಂಗಳು ಹೋಗಲ್ವಂತೆ," ಎಂದಳು ಇವಳು. "ಎಲ್ಲಾ ಭಾನುವಾರಾನೂ ಕರ್ಕೊಂಡು ಹೋಗಿ."