ಗಜಕರ್ಣ ಯಾರಿಗೂ ಆಗಿಲ್ಲ

ಬೈಲಹೊಂಗಲದ ನಮ್ಮ ಲ್ಯಾಬಿಗೆ ಸಕ್ಕರೆ ಕಾಯಿಲೆಯವರು ಎದೆಯುಬ್ಬಿಸಿಕೊಂಡು ಬರುತ್ತಾರೆ, ತುರಿಕೆಯವರು ಗೋಡೆ ಹಿಡಿದುಕೊಂಡು ಬರುತ್ತಾರೆ. ಚರ್ಮ ಕೆರೆದು, ಕೂದಲು ಕಿತ್ತು, ಉಗುರು ಕತ್ತರಿಸಿ, ಮೈಕ್ರೊಸ್ಕೋಪಿನಡಿ ಇಟ್ಟು ಫಂಗಸ್ ಇದೆಯೇ ಎಂದು ನೋಡುವುದು ನನ್ನ ಕೆಲಸ. ನಾಚಿಕೆಯವರೇ ಬರುವ ಜಾಗ ಎಂದ ಮೇಲೆ ಇಂಥವು ನಡೆಯುತ್ತಲೇ ಇರುತ್ತವೆ. ಕೆಲವು ಸಲ ನಾಚಿಕೆ ನನ್ನ ಪಾಲಿಗೂ ಬರುತ್ತದೆ.

ಗೆಳೆಯನ ಚರ್ಮ

ದೊಡವಾಡದ ಹಿರಿಯರೊಬ್ಬರು ಅಂಗಿಯ ಕಿಸೆಯಿಂದ ಬೆಂಕಿಪೊಟ್ಟಣ ತೆಗೆದು ನನ್ನ ಮುಂದಿಟ್ಟರು.

"ನಮ್ಮ ಗೆಳೆಯಾನ ಚರ್ಮ ಕೆರದು ತಂದೇನ್ರಿ ಅಕ್ಕಾರ. ನೋಡಿ ಹೇಳ್ರಿ."

ನೋಡಿದೆ. "ಇದರಾಗ ತಂಬಾಕದ ಪುಡಿ ಬಿಟ್ಟರ ಏನೂ ಇಲ್ಲರಿ. ಅವರನ್ನ ಕರಕೊಂಡು ಬರ್ರಿ."

"ಅಂವಾ ಬರಾಂಗಿಲ್ರಿ. ಭಾಳ ನಾಚಿಕಿ ಸ್ವಭಾವದಾಂವ."

ಇಷ್ಟು ಹೇಳುವಾಗ ಅವರ ಬಲಗೈ ಧೋತರದ ಗಂಟಿನ ಬಳಿ ಹೋಗಿ ಕೆಲಸ ಶುರುಮಾಡಿತ್ತು.

"ಗೆಳೆಯಾಗ ತುರಿಕಿ ಭಾಳ ಐತೇನ್ರಿ?" ಎಂದೆ.

ಅವರು ಕಣ್ಣು ಮುಚ್ಚಿ, ಸುಖವಾಗಿ ಕೆರೆದುಕೊಳ್ಳುತ್ತ ಹೇಳಿದರು, "ಭಾಳಂದ್ರ ಭಾಳರಿ. ಈಗಂತೂ ತಡಕೊಳ್ಳಾಕ ಆಗವಲ್ದು!"

ಅಳಿಯನ ಕೂದಲು

ರಾಮದುರ್ಗದ ಕಡೆಯ ಮಾವ, ಹೊಸದಾಗಿ ಮದುವೆಯಾದ ಅಳಿಯನನ್ನು ಕರೆದುಕೊಂಡು ಬಂದಿದ್ದರು. ಅಳಿಯ ಊಟಕ್ಕೆ ಕೂತಾಗೆಲ್ಲ ತಲೆ ಕೆರೆಯುತ್ತಾನೆಂದು ಅವರ ದೂರು. ನಾನು ಚಿಮಟಿಗೆ ಹಿಡಿದು ಹೋದರೆ ಅಳಿಯ ಎರಡು ಹೆಜ್ಜೆ ಹಿಂದೆ ಸರಿದ. "ನಾನ ಕಿತ್ತು ಕೊಡತೇನ್ರಿ" ಎಂದು ಒಂದು ಕೂದಲು ಕಿತ್ತು ಕೊಟ್ಟ.

ಒಳಗೆ ಹೋಗಿ ನೋಡಿದರೆ ಅದಕ್ಕೆ ಬುಡವೇ ಇಲ್ಲ. ನುಣ್ಣಗೆ, ಹೊಳೆಯುವ ದಾರದಂತಿದೆ. ಲೆನ್ಸ್ ಒರೆಸಿ ಮತ್ತೆ ನೋಡಿದೆ. ಮುಂದಿನದನ್ನು ಯೋಚಿಸದೆ ಒಳಗಿಂದಲೇ ಕೂಗಿದೆ, "ಅಣ್ಣಾರ, ಇದು ಕೂದಲಾನ ಅಲ್ಲರಿ! ನೈಲಾನ್ ಐತಿ!"

ಕೂಗಿದ ಮೇಲೆ ನನಗೆ ಹೊಳೆಯಿತು, ಅಳಿಯನ ತಲೆಯ ಮೇಲಿರುವುದು ವಿಗ್. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬಾಗಿಲಿಗೆ ಬಂದು ನೋಡಿದೆ. ಅಳಿಯ ನೆಲ ನೋಡುತ್ತಿದ್ದ, ಮಾವ ಅಳಿಯನ ತಲೆಯನ್ನೇ ನೋಡುತ್ತಿದ್ದರು. ಮದುವೆ ಮುರಿಯಿತು ಎಂದುಕೊಂಡೆ.

ಮಾವ ಮೆಲ್ಲಗೆ ತಮ್ಮ ಟೋಪಿ ತೆಗೆದು, ಬೋಳು ತಲೆ ಸವರಿಕೊಂಡು ಕೇಳಿದರು, "ಅಳಿಯಂದ್ರ, ನನಗೂ ಒಂದು ತರಸಿ ಕೊಡತೀರೇನ್ರಿ?"

ಕಿತ್ತೂರಿನ ಬೆಂಚು

ಕೊನೆಗೆ ನನಗೇ ಆಯಿತು. ಸೊಂಟದಲ್ಲಿ, ಸೀರೆ ಕಟ್ಟುವಲ್ಲೇ, ದುಂಡಗೆ ಗಜಕರ್ಣ. ದಿನವೂ ಮಂದಿಗೆ "ನಾಚಬ್ಯಾಡ್ರಿ, ಇದೇನು ಕಳವಲ್ಲ" ಎನ್ನುವವಳು ನಾನು. ಆದರೆ ನಮ್ಮ ಲ್ಯಾಬಿನಲ್ಲಿ ನನ್ನ ಸೊಂಟ ಕೆರೆಯಬೇಕಾದವನು ಪಕ್ಕದ ಕುರ್ಚಿಯ ಹುಡುಗ! ಮನೆಯಲ್ಲಿ ಮೀಟಿಂಗ್ ಎಂದು ಸುಳ್ಳು ಹೇಳಿ, ಮುಖಕ್ಕೆ ಓಡನಿ ಸುತ್ತಿಕೊಂಡು ಕಿತ್ತೂರಿನ ಲ್ಯಾಬೊಂದಕ್ಕೆ ಹೋದೆ. ಹೆಸರು ಕೇಳಿದಾಗ ಬಾಯಿಗೆ ಬಂದದ್ದು ನಾದಿನಿಯ ಹೆಸರು. ಗಂಡನ ತಂಗಿ, ಪಾಪ, ದೂರದ ಊರಲ್ಲಿ ಆರಾಮಾಗಿದ್ದಾಳೆ.

ಬೆಂಚಿನ ಆ ತುದಿಯಲ್ಲಿ ಒಬ್ಬ ಗಂಡಸು ಹೆಲ್ಮೆಟ್ ತೆಗೆಯದೆ ಕೂತಿದ್ದ. ಇವನಿಗೆ ನನಗಿಂತ ಹೆಚ್ಚು ನಾಚಿಕೆ ಎಂದು ಸಮಾಧಾನವಾಯಿತು.

ಒಳಗಿನಿಂದ ನಾದಿನಿಯ ಹೆಸರು ಕರೆದರು. ಎದ್ದೆ. ಹೆಲ್ಮೆಟ್ ಗಕ್ಕನೆ ನನ್ನ ಕಡೆ ತಿರುಗಿತು. ಅದರ ಬೆನ್ನಿಗೇ ಇನ್ನೊಂದು ಹೆಸರು ಕರೆದರು. ನನ್ನ ಒಡಹುಟ್ಟಿದ ತಮ್ಮನ ಹೆಸರು, ಅಡ್ಡಹೆಸರಿನ ಸಮೇತ! ಎದ್ದು ನಿಂತವನು ಹೆಲ್ಮೆಟ್ಟಿನವನು. ಗಾಜಿನೊಳಗೆ ನೋಡಿದೆ. ನನ್ನ ಗಂಡ.

"ಇಬ್ಬರೂ ಒಂದ ಮನಿಯವರೇನ್ರಿ?" ಎಂದ ಲ್ಯಾಬಿನವನು.

"ಅಲ್ಲರಿ!" ಎಂದೆವು ಇಬ್ಬರೂ ಒಟ್ಟಿಗೆ.

ಇಬ್ಬರೂ ಚರ್ಮ ಕೆರೆಸಿಕೊಂಡು ಹೊರಬಂದೆವು. ಗಂಡನ ಬೈಕಿನ ಹಿಂದೆ ಕೂತೆ. ಊರು ದಾಟಿದ ಮೇಲೆ ಅವರು ತಿರುಗಿ ನೋಡದೆ ಕೇಳಿದರು.

"ನಮ್ಮ ತಂಗಿಗೆ ಯಾವಾಗಿಂದ ಐತಿ?"

"ನಮ್ಮ ತಮ್ಮನ ಟವೆಲ್ಲಿಲೆ ಮೈ ಒರಸಿಕೊಂಡಾಗಿಂದ್ರಿ" ಎಂದೆ.